ಮನೆಯ ಓದು: ರೊಟ್ಟಿ, ಹಕ್ಕಿ, ಮೂರು ಬೆರಳು

ಮಕ್ಕಳ ಓದಿನ ವಿಷಯವಾಗಿ ತಂದೆತಾಯಿಗಳು ಕೇಳುವ ಪ್ರಶ್ನೆಯೊಂದು ಈಚೆಗೆ ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತಿದೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿ ಊಟದ ಕರೆಯನ್ನೂ ಲಕ್ಷಿಸದೆ ದಪ್ಪನಾದ ಇಂಗ್ಲಿಷ್ ಪುಸ್ತಕವೊಂದರಲ್ಲಿ ಮುಳುಗಿರುತ್ತಾಳೆ. ಅದೇನು ಕಥೆಯಮ್ಮ ಎಂದು ತಾಯಿ ವಿಚಾರಿಸಿದರೆ, ಇಪ್ಪತ್ತನಾಲ್ಕು ಮಕ್ಕಳನ್ನು ಒಂದು ಕಾಡಿನೊಳಗೆ ಬಿಟ್ಟು, ಅವರು ಒಬ್ಬರನ್ನೊಬ್ಬರು ಕೊಂದು ಕೊನೆಗೆ ಒಬ್ಬರೇ ಉಳಿಯುವವರೆಗೆ ದೇಶವೆಲ್ಲ ಕುಳಿತು ನೋಡುವ ಕಥೆ ಎಂದು ಉತ್ತರ ಬರುತ್ತದೆ. ತಾಯಿಯ ಎದೆ ಝಲ್ಲೆನ್ನುವುದು ಸಹಜವೇ. ಇಂತಹ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೆ?

ಬೇಡವೆಂದು ಕಿತ್ತಿಡುವುದು ಸುಲಭ. ಆದರೆ ಕಿತ್ತಿಟ್ಟ ಪುಸ್ತಕವನ್ನು ಮಕ್ಕಳು ಗೆಳತಿಯ ಮನೆಯಲ್ಲಿ ಓದಿ ಮುಗಿಸುವರೆಂಬುದು ಸಂಸಾರ ನಡೆಸುವವರಿಗೆಲ್ಲ ತಿಳಿದ ಮಾತು. ಆದಕಾರಣ ನಾವೇ ಆ ಗ್ರಂಥಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ನಮಗೆ ತೋರಿದುದನ್ನು ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ. ಕಥೆಯ ಕೊನೆಯನ್ನು ಹೇಳದೆ ಈ ವಿಚಾರ ಪೂರ್ಣವಾಗಲಾರದು. ಕುತೂಹಲವನ್ನು ಕಾಪಾಡಿಕೊಳ್ಳಬೇಕೆನ್ನುವವರು ಮೊದಲು ಪುಸ್ತಕವನ್ನೋದಿ ಆಮೇಲೆ ಈ ಪುಟಕ್ಕೆ ಬರಬೇಕೆಂದು ಬಿನ್ನಹ.

ಗ್ರಂಥಕರ್ತ್ರಿ ಅಮೆರಿಕದ ಸೂಜನ್ ಕಾಲಿನ್ಸ್. 'ದಿ ಹಂಗರ್ ಗೇಮ್ಸ್' ಎಂಬ ಮೊದಲನೆಯ ಭಾಗ ೨೦೦೮ರಲ್ಲಿಯೂ, 'ಕ್ಯಾಚಿಂಗ್ ಫೈರ್' ೨೦೦೯ರಲ್ಲಿಯೂ, 'ಮಾಕಿಂಗ್‌ಜೇ' ೨೦೧೦ರಲ್ಲಿಯೂ ಪ್ರಕಟವಾದುವು. ೨೦೧೨ರಿಂದ ಇವು ಚಲಚ್ಚಿತ್ರಗಳಾಗಿಯೂ ಬಂದುವು. ರಾಮರಾಜ್ಯವನ್ನು ತಲೆಕೆಳಗು ಮಾಡಿದರೆ ಹೇಗಿದ್ದೀತೋ ಅಂತಹ ರಾಜ್ಯವನ್ನು ಕಲ್ಪಿಸಿ ಬರೆಯುವ ಕಥೆಗಳಿಗೆ ಇಂಗ್ಲಿಷಿನಲ್ಲಿ ಡಿಸ್ಟೋಪಿಯ ಎಂದು ಹೆಸರು. ಇದು ಆ ಜಾತಿಗೆ ಸೇರಿದುದು. ಇಂದಿನ ಉತ್ತರ ಅಮೆರಿಕ ಹಾಳಾದ ಮೇಲೆ ಅದೇ ನೆಲದಲ್ಲಿ ಪ್ಯಾನೆಂ ಎಂಬ ದೇಶ ಎದ್ದಿದೆ. ನಡುವೆ ಕ್ಯಾಪಿಟಲ್ ಎಂಬ ರಾಜಧಾನಿ. ಸುತ್ತ ಹನ್ನೆರಡು ಜಿಲ್ಲೆಗಳು. ರಾಜಧಾನಿ ಉಣ್ಣುತ್ತದೆ, ಜಿಲ್ಲೆಗಳು ದುಡಿಯುತ್ತವೆ. ಎಪ್ಪತ್ತನಾಲ್ಕು ವರ್ಷಗಳ ಹಿಂದೆ ಜಿಲ್ಲೆಗಳು ದಂಗೆಯೆದ್ದು ಸೋತುದಕ್ಕೆ ದಂಡವಾಗಿ, ಪ್ರತಿವರ್ಷವೂ ಒಂದೊಂದು ಜಿಲ್ಲೆಯಿಂದ ಹನ್ನೆರಡರಿಂದ ಹದಿನೆಂಟರೊಳಗಿನ ಒಬ್ಬ ಹುಡುಗನನ್ನೂ ಒಬ್ಬಳು ಹುಡುಗಿಯನ್ನೂ ಚೀಟಿಯೆತ್ತಿ ಆರಿಸಿ ಕಣಕ್ಕೆ ಕಳುಹಿಸಬೇಕು. ಈ ಮಕ್ಕಳಿಗೆ ಗ್ರಂಥದಲ್ಲಿರುವ ಹೆಸರು ಕಪ್ಪವೆಂಬ ಅರ್ಥದ್ದು. ಚೀಟಿಯೆತ್ತುವ ದಿನದ ಹೆಸರು ಕೊಯ್ಲು. ಪೈರು ಕೊಯ್ದಂತೆ ಮಕ್ಕಳನ್ನು ಕೊಯ್ಯುವ ದಿನ.

ಗ್ರೀಕರ ಪುರಾಣವನ್ನು ಬಲ್ಲವರಿಗೆ ಇದರ ಮೂಲ ಹೊಳೆಯದಿರದು. ಅಥೆನ್ಸ್ ನಗರ ಏಳು ಮಂದಿ ಹುಡುಗರನ್ನೂ ಏಳು ಮಂದಿ ಹುಡುಗಿಯರನ್ನೂ ಕ್ರೀಟಿನ ಅರಸನಿಗೆ ಕಪ್ಪವಾಗಿ ಕಳುಹಿಸುತ್ತಿತ್ತು. ಎತ್ತಿನ ತಲೆಯ ರಾಕ್ಷಸನಿಗೆ ಅವರು ಆಹಾರ. ಥೀಸಿಯಸ್ ಎಂಬ ರಾಜಕುಮಾರ ತಾನೇ ಆ ಗುಂಪಿನಲ್ಲಿ ಸೇರಿ ಹೋಗಿ ರಾಕ್ಷಸನನ್ನು ಕೊಂದನು. ತಮ್ಮ ಕಥೆಗೆ ಇದೇ ಬೀಜವೆಂದು ಕಾಲಿನ್ಸರೇ ಹೇಳಿರುವರು. ನಮ್ಮವರಿಗೆ ಇದನ್ನು ತಿಳಿಯಲು ಗ್ರೀಸಿನವರೆಗೆ ಹೋಗಬೇಕಾಗಿಲ್ಲ. ಏಕಚಕ್ರಪುರದಲ್ಲಿ ಮನೆಮನೆಯ ಸರದಿಯಂತೆ ಬಂಡಿ ಅನ್ನದೊಡನೆ ಬಕಾಸುರನ ಬಳಿಗೆ ನಡೆಯಬೇಕಾದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳದವರುಂಟೆ? ಅಲ್ಲಿ ಇನ್ನೊಬ್ಬರ ಮನೆಯ ಸರದಿಗೆ ಕುಂತಿ ತನ್ನ ಮಗನನ್ನು ಕಳುಹಿಸಿದಳು. ಇಲ್ಲಿ ಹನ್ನೆರಡು ವರ್ಷದ ತಂಗಿ ಪ್ರಿಮ್‌ನ ಹೆಸರು ಚೀಟಿಯಲ್ಲಿ ಬಂದಾಗ ಹದಿನಾರು ವರ್ಷದ ಅಕ್ಕ ಕ್ಯಾಟ್ನಿಸ್ ತಾನು ಹೋಗುವೆನೆಂದು ಮುಂದೆ ಬರುತ್ತಾಳೆ. ಭೇದವಿಷ್ಟೆ: ಕುಂತಿಗೆ ತನ್ನ ಮಗನ ಬಲ ಗೊತ್ತಿತ್ತು, ಈ ಹುಡುಗಿ ಸಾಯುವೆನೆಂದೇ ತಿಳಿದು ಹೊರಟವಳು.

ಇನ್ನು ಈ ಕಥೆಯಲ್ಲಿ ಬರುವ ಸಂಕೇತಗಳ ಮಾತು. ಗ್ರಂಥಕರ್ತ್ರಿ ಇವುಗಳನ್ನು ಒಡವೆಯಂತೆ ಮೇಲಿನಿಂದ ತೊಡಿಸಿಲ್ಲ. ಅವು ರೊಟ್ಟಿ, ಹಕ್ಕಿ, ಹಣ್ಣು, ಬೆಂಕಿ ಮೊದಲಾದ ಸಾಮಾನ್ಯ ವಸ್ತುಗಳೇ. ಇವುಗಳಲ್ಲಿ ಒಂದೊಂದೂ ಕಥೆಯ ಅವಧಿಯಲ್ಲಿ ಕೈಯಿಂದ ಕೈಗೆ ದಾಟುತ್ತದೆ. ದಾಟಿದಾಗಲೆಲ್ಲ ಅದರ ಅರ್ಥ ಬದಲಾಗುತ್ತದೆ. ಇದನ್ನು ಗಮನಿಸಿ ಓದಿದವರಿಗೆ ಕಥೆಯ ತಿರುಳು ಸಿಕ್ಕಿತೆಂದೇ ಹೇಳಬಹುದು.

ಮೊದಲು ರೊಟ್ಟಿ. ಪ್ಯಾನೆಂ ಎಂಬ ಹೆಸರೇ ಲ್ಯಾಟಿನ್ ಭಾಷೆಯಲ್ಲಿ ರೊಟ್ಟಿ. ಸುಮಾರು ಸಾವಿರದ ಒಂಬೈನೂರು ವರ್ಷಗಳ ಹಿಂದೆ ಜುವೆನಾಲ್ ಎಂಬ ರೋಮಿನ ವಿಡಂಬನಕವಿ ತನ್ನ ಜನರನ್ನು ಹಂಗಿಸಿ, ಒಂದು ಕಾಲಕ್ಕೆ ರಾಜ್ಯಭಾರವನ್ನೇ ಹೊತ್ತಿದ್ದವರಿಗೆ ಈಗ ರೊಟ್ಟಿಯೊಂದು ಪಂದ್ಯವೊಂದು ಇದ್ದರೆ ಸಾಕಾಗಿದೆಯೆಂಬ ಅಭಿಪ್ರಾಯವನ್ನು ಬರೆದನು. ಆ ಮಾತಿನಿಂದಲೇ ಈ ದೇಶದ ಹೆಸರು ಹುಟ್ಟಿದೆ. ಪ್ಯಾನೆಮಿನಲ್ಲಿ ರೊಟ್ಟಿಯೂ ಪಂದ್ಯವೂ ರಾಜಧಾನಿಯವರಿಗೆ ಭೋಗ, ಜಿಲ್ಲೆಯವರಿಗೆ ಶೂಲ. ಬಡವರ ಮಕ್ಕಳು ಒಬ್ಬರಿಗೆ ಒಂದು ವರ್ಷಕ್ಕೆ ಹೇಗೋ ಸಾಲುವಷ್ಟು ಧಾನ್ಯ ಎಣ್ಣೆಗಳನ್ನು ಸರಕಾರದಿಂದ ಪಡೆಯಬೇಕಾದರೆ, ತಮ್ಮ ಹೆಸರಿನ ಚೀಟಿಯನ್ನು ಇನ್ನೊಂದು ಸಲ ಆ ಗಡಿಗೆಯೊಳಗೆ ಹಾಕಿಸಬೇಕು. ತಾಯಿ, ತಂಗಿ, ತಾನು ಎಂದು ಮೂವರಿಗಾಗಿ ವರ್ಷವರ್ಷವೂ ಹಾಕಿಸಿದ ಕ್ಯಾಟ್ನಿಸಳ ಹೆಸರು ಹದಿನಾರನೆಯ ವಯಸ್ಸಿಗೆ ೨೦ ಸಲ ಬಿದ್ದಿದೆ. ಅವಳ ಬೇಟೆಯ ಜೊತೆಗಾರ ಗೇಲನ ಹೆಸರು ೪೨ ಸಲ. ಪುರಾತನ ರೋಮಿನಲ್ಲಿ ಧಾನ್ಯ ಪಡೆಯುವ ಬಿಲ್ಲೆಗೆ ಟೆಸೆರ ಎಂದು ಹೆಸರಿತ್ತು. ಈ ಏರ್ಪಾಟಿಗೂ ಗ್ರಂಥದಲ್ಲಿ ಅದೇ ಹೆಸರು. ಹಸಿದವನ ಹಸಿವನ್ನೇ ಅವನಿಗೆ ಉರುಳಾಗಿ ಹೆಣೆಯುವ ಈ ಲೆಕ್ಕಾಚಾರ, ಕಣದಲ್ಲಿ ಹರಿಯುವ ರಕ್ತಕ್ಕಿಂತಲೂ ನಮ್ಮನ್ನು ಹೆಚ್ಚು ನಡುಗಿಸಿತು.

ಇದು ಸರಕಾರ ಕೊಡುವ ರೊಟ್ಟಿ. ಕಥೆಯಲ್ಲಿ ಇನ್ನೊಂದು ರೊಟ್ಟಿಯೂ ಉಂಟು. ಗಣಿಯ ಸ್ಫೋಟದಲ್ಲಿ ತಂದೆ ತೀರಿಕೊಂಡ ಮೇಲೆ, ಹನ್ನೊಂದು ವರ್ಷದ ಕ್ಯಾಟ್ನಿಸ್ ಹಸಿವಿನಿಂದ ಕಂಗೆಟ್ಟು ಮಳೆಯಲ್ಲಿ ನೆನೆಯುತ್ತ ಬೇಕರಿಯ ಹಿತ್ತಿಲಲ್ಲಿ ಕುಸಿದಿರುತ್ತಾಳೆ. ಬೇಕರಿಯವರ ಹುಡುಗ ಪೀಟ ಬೇಕೆಂದೇ ರೊಟ್ಟಿಗಳನ್ನು ಬೆಂಕಿಗೆ ಬೀಳಿಸಿ, ತಾಯಿಯ ಕೈಯಿಂದ ಏಟು ತಿಂದು, ಹಂದಿಗೆ ಹಾಕುವ ನೆಪದಿಂದ ಹೊರಗೆ ಬಂದು ಅವಳತ್ತ ಎಸೆಯುತ್ತಾನೆ. ಒಂದು ಮಾತೂ ಇಲ್ಲ. ಮುಂದೆ ಕಣದಲ್ಲಿ, ಹನ್ನೊಂದನೆಯ ಜಿಲ್ಲೆಯಿಂದ ಬಂದ ರೂ ಎಂಬ ಹನ್ನೆರಡು ವರ್ಷದ ಮಗು ಈಟಿಯ ಏಟಿಗೆ ಸತ್ತಾಗ, ಕ್ಯಾಟ್ನಿಸ್ ಆ ಪುಟ್ಟ ದೇಹವನ್ನು ಹೂವುಗಳಿಂದ ಮುಚ್ಚುತ್ತಾಳೆ. ಆಗ ಆ ಮಗುವಿನ ಜಿಲ್ಲೆಯವರು, ತಮಗೇ ಊಟಕ್ಕಿಲ್ಲದವರು, ಕೂಡಿಸಿದ ಹಣದಿಂದ ಪರಜಿಲ್ಲೆಯ ಈ ಹುಡುಗಿಗೆ ಒಂದು ರೊಟ್ಟಿಯನ್ನು ಕಳುಹಿಸುತ್ತಾರೆ. ಸರಕಾರದ ರೊಟ್ಟಿ ಪಡೆದವನನ್ನು ಕಟ್ಟಿಹಾಕುತ್ತದೆ; ಈ ರೊಟ್ಟಿ ಕೊಟ್ಟವನನ್ನೂ ಪಡೆದವನನ್ನೂ ಬಂಧುಗಳನ್ನಾಗಿ ಮಾಡುತ್ತದೆ. ಅನ್ನದಾನದ ಮಹಿಮೆಯನ್ನು ಕೇಳಿ ಬೆಳೆದ ನಮ್ಮ ಮನೆಗಳಲ್ಲಿ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಎರಡನೆಯದು ಹಕ್ಕಿ. ಹಿಂದಿನ ದಂಗೆಯ ಕಾಲದಲ್ಲಿ ರಾಜಧಾನಿಯವರು ಜಾಬರ್‌ಜೇ ಎಂಬೊಂದು ಗಂಡುಹಕ್ಕಿಯ ಜಾತಿಯನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿದರಂತೆ. ಮನುಷ್ಯರ ಮಾತನ್ನು ಕದ್ದು ಕೇಳಿ ಹಾಗೆಯೇ ಒಪ್ಪಿಸುವುದು ಅದರ ಕೆಲಸ. ಜನರು ಇದನ್ನು ಪತ್ತೆಹಚ್ಚಿ, ಬೇಕೆಂದೇ ಅದರ ಕಿವಿಗೆ ಸುಳ್ಳನ್ನು ತುಂಬಿ ಕಳುಹಿಸತೊಡಗಿದರು. ಬೇಹುಗಾರ ಹಕ್ಕಿ ಪ್ರಯೋಜನವಿಲ್ಲದುದಾಯಿತು. ತಾನಾಗಿ ಸಾಯಲೆಂದು ಸರಕಾರ ಅದನ್ನು ಕಾಡಿಗೆ ಬಿಟ್ಟಿತು. ಅದು ಸಾಯಲಿಲ್ಲ. ಕಾಡಿನ ಮಾಕಿಂಗ್‌ಬರ್ಡ್ ಹಕ್ಕಿಗಳೊಡನೆ ಕೂಡಿ ಮಾಕಿಂಗ್‌ಜೇ ಎಂಬ ಹೊಸ ಸಂತತಿಯನ್ನು ಬೆಳೆಸಿತು. ಈ ಹೊಸ ಹಕ್ಕಿಗೆ ಮಾತು ಬಾರದು, ಚಾಡಿ ಬಾರದು; ಕೇಳಿದ ರಾಗವನ್ನು ಮಾತ್ರ ಹಾಡಬಲ್ಲದು. ಸರಕಾರ ತನ್ನ ಕಿವಿಯಾಗಿ ಮಾಡಿದುದು ಜನರ ಕೊರಳಾಯಿತು. ಕ್ಯಾಟ್ನಿಸ್ ತನ್ನ ಎದೆಯ ಮೇಲೆ ಧರಿಸಿದ ಚಿನ್ನದ ಪಿನ್ನಿನಲ್ಲಿರುವುದು ಇದೇ ಹಕ್ಕಿ. ಊರಿನ ಮೇಯರರ ಮಗಳು ಕೊಟ್ಟ ಆ ಪಿನ್ನು ಮೊದಲಿಗೆ ಅವಳಿಗೆ ಸ್ನೇಹದ ಗುರುತಷ್ಟೆ. ದಬ್ಬಾಳಿಕೆಯವರು ತಾವೇ ಮಾಡಿದ ವಸ್ತುವಿಗೆ ಕೂಡ ಕೊನೆಯವರೆಗೆ ಒಡೆಯರಾಗಿರಲಾರರೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಬೆಂಕಿಯದೂ ಇದೇ ಬಗೆ. ಕ್ಯಾಟ್ನಿಸಳ ಹನ್ನೆರಡನೆಯ ಜಿಲ್ಲೆ ಕಲ್ಲಿದ್ದಲಿನದು. ಆದಕಾರಣ ಅವಳ ಉಡುಪನ್ನು ರಚಿಸುವ ಸಿನ್ನ ಎಂಬಾತ, ಮೈಸುಡದ ಕೃತಕ ಜ್ವಾಲೆಯಿಂದ ಬೆಳಗುವ ವಸ್ತ್ರವನ್ನು ಅವಳಿಗೆ ತೊಡಿಸಿ ಮೆರವಣಿಗೆಗೆ ಕಳುಹಿಸುತ್ತಾನೆ. ರಾಜಧಾನಿಯವರು ಅದನ್ನು ಬೆಡಗೆಂದು ಮೆಚ್ಚಿ ಚಪ್ಪಾಳೆ ತಟ್ಟಿದರು. ಜಿಲ್ಲೆಗಳಲ್ಲಿ ಅದೇ ಕಿಡಿಯಾಯಿತು. ಕೊನೆಗೆ ರಾಜಧಾನಿಯ ವಿಮಾನಗಳು ಸುರಿದ ಬೆಂಕಿಯಲ್ಲಿ ಅವಳ ಜಿಲ್ಲೆಯೇ ಸುಟ್ಟು ಬೂದಿಯಾಯಿತು.

ಕಣದ ಕೊನೆಯಲ್ಲಿ ಬರುವ ವಿಷದ ಹಣ್ಣನ್ನು ಕುರಿತು ಒಂದು ಮಾತು ಹೇಳಲೇಬೇಕು. ಉಳಿದವರು ಕ್ಯಾಟ್ನಿಸ್, ಪೀಟ ಇಬ್ಬರೇ. ಒಂದೇ ಜಿಲ್ಲೆಯ ಇಬ್ಬರು ಗೆಲ್ಲಬಹುದೆಂದು ನಡುವೆ ಸಾರಿದ್ದ ನಿಯಮವನ್ನು ಆಟದ ಯಜಮಾನರು ಆ ಗಳಿಗೆಯಲ್ಲಿ ಹಿಂದೆಗೆದುಕೊಳ್ಳುತ್ತಾರೆ. ಒಬ್ಬರು ಇನ್ನೊಬ್ಬರನ್ನು ಕೊಲ್ಲಬೇಕು. ಇಬ್ಬರೂ ಒಂದೊಂದು ಹಿಡಿ ವಿಷದ ಹಣ್ಣನ್ನು ಬಾಯಿಗೆ ಒಯ್ಯುತ್ತಾರೆ. ಯಜಮಾನರು ಗಾಬರಿಯಾಗಿ ತಡೆದು ಇಬ್ಬರನ್ನೂ ಗೆದ್ದವರೆಂದು ಸಾರಬೇಕಾಗುತ್ತದೆ. ಏತಕ್ಕೆ? ಗೆದ್ದವರಿಲ್ಲದೆ ಪಂದ್ಯವಿಲ್ಲ. ಮಕ್ಕಳನ್ನು ಕೊಲ್ಲುವ ಶಕ್ತಿಯುಳ್ಳ ಸರಕಾರಕ್ಕೆ ಆ ಮಕ್ಕಳ ಸಹಕಾರವಿಲ್ಲದೆ ಆಟ ನಡೆಸುವ ಶಕ್ತಿಯಿಲ್ಲ. ಒಂದು ಹಿಡಿ ಹಣ್ಣಿನಿಂದ ದೇಶವೆಲ್ಲ ಅದನ್ನು ಕಂಡುಕೊಂಡಿತು.

ಮೂರು ಬೆರಳಿನ ಸಂಜ್ಞೆಗೂ ಮೊದಲು ದಂಗೆಯ ಸೋಂಕಿಲ್ಲ. ಎಡಗೈಯ ನಡುವಣ ಮೂರು ಬೆರಳುಗಳನ್ನು ತುಟಿಗೆ ಮುಟ್ಟಿಸಿ ಮುಂದೆ ಚಾಚುವುದು ಹನ್ನೆರಡನೆಯ ಜಿಲ್ಲೆಯ ಹಳೆಯ ಪದ್ಧತಿ. ಸಾವಿನ ಮನೆಯಲ್ಲಿ ಪ್ರೀತಿಪಾತ್ರರಿಗೆ ಕೃತಜ್ಞತೆಯನ್ನೂ ಬೀಳ್ಕೊಡುಗೆಯನ್ನೂ ಸೂಚಿಸುವ ರೀತಿ. ಕ್ಯಾಟ್ನಿಸ್ ತಂಗಿಯ ಬದಲು ನಿಂತಾಗ, ಚಪ್ಪಾಳೆ ತಟ್ಟಬೇಕೆಂಬ ಅಪ್ಪಣೆಯಿದ್ದರೂ ಜನ ತಟ್ಟಲಿಲ್ಲ. ಮೌನವಾಗಿ ಈ ಬೆರಳುಗಳನ್ನೆತ್ತಿದರು. ಎರಡನೆಯ ಭಾಗದಲ್ಲಿ ಗೆದ್ದವಳಾಗಿ ಅವಳು ರೂ ಹುಟ್ಟಿದ ಜಿಲ್ಲೆಗೆ ಬಂದಾಗ, ಮುದುಕನೊಬ್ಬ ಆ ಮಗುವಿನ ನಾಲ್ಕು ಸ್ವರದ ರಾಗವನ್ನು ಸಿಳ್ಳು ಹಾಕುತ್ತಾನೆ, ನೆರೆದವರೆಲ್ಲ ಬೆರಳೆತ್ತುತ್ತಾರೆ. ಸಿಪಾಯಿಗಳು ಆ ಮುದುಕನನ್ನು ಎಲ್ಲರೆದುರಿನಲ್ಲೇ ಗುಂಡಿಟ್ಟು ಕೊಲ್ಲುತ್ತಾರೆ. ಶೋಕದ ಸಂಜ್ಞೆ ಆ ದಿನದಿಂದ ಅಪರಾಧವಾಯಿತು. ಇತ್ತ ರಾಜಧಾನಿಯ ಶ್ರೀಮಂತರು, ಜಿಲ್ಲೆಗಳಲ್ಲಿ ಜನ ಪ್ರಾಣವನ್ನು ಪಣಕ್ಕಿಟ್ಟು ಬಚ್ಚಿಟ್ಟುಕೊಂಡಿದ್ದ ಹಕ್ಕಿಯ ಚಿತ್ರವನ್ನೇ ಹೊಸ ಶೋಕಿಯೆಂದು ಉಡುಪಿನ ಮೇಲೆ ಧರಿಸಿ ಓಡಾಡುತ್ತಿದ್ದರು. ಒಂದೇ ಹಕ್ಕಿ, ಒಬ್ಬನಿಗೆ ಅಲಂಕಾರ, ಇನ್ನೊಬ್ಬನಿಗೆ ಮರಣದಂಡನೆ. ಸಂಕೇತದ ಬೆಲೆ ಅದರ ಆಕಾರದಲ್ಲಿಲ್ಲ, ಅದಕ್ಕಾಗಿ ತೆರಬೇಕಾದ ಬೆಲೆಯಲ್ಲಿದೆ.

ಇಲ್ಲಿಗೇ ನಿಂತಿದ್ದರೆ ಇದು ಒಳ್ಳೆಯ ವೀರಕಥೆಯಾಗುತ್ತಿತ್ತು. ಮೂರನೆಯ ಭಾಗದಲ್ಲಿ ಗ್ರಂಥಕರ್ತ್ರಿ ಕಹಿಯಾದ ಸತ್ಯವನ್ನು ಮುಚ್ಚುಮರೆಯಿಲ್ಲದೆ ಹೇಳಿರುವರು. ನಾಶವಾಯಿತೆಂದು ತಿಳಿದಿದ್ದ ಹದಿಮೂರನೆಯ ಜಿಲ್ಲೆ ನೆಲದೊಳಗೆ ಬದುಕಿದೆ. ಕಾಯಿನ್ ಎಂಬ ಹೆಂಗಸು ಅದರ ಅಧ್ಯಕ್ಷೆ. ದಂಗೆಯ ಮುಖ್ಯಸ್ಥರು ಕ್ಯಾಟ್ನಿಸಳನ್ನೇ ಹಕ್ಕಿಯ ವೇಷದಲ್ಲಿ ನಿಲ್ಲಿಸಿ ಪ್ರಚಾರದ ಚಿತ್ರಗಳನ್ನು ತೆಗೆಯುತ್ತಾರೆ. ಕಣದಲ್ಲಿ ಕ್ಯಾಮರಾ ಇದ್ದಂತೆ ಇಲ್ಲಿಯೂ ಕ್ಯಾಮರಾ. ಅಲ್ಲಿ ಹೇಳಿಕೊಟ್ಟಂತೆ ಇಲ್ಲಿಯೂ ಹೇಳಿಕೊಟ್ಟ ಮಾತು. ಕಣದ ಮಕ್ಕಳಿಗೆ ಔಷಧವನ್ನೋ ಆಹಾರವನ್ನೋ ತರುತ್ತಿದ್ದ ಬೆಳ್ಳಿಯ ಬಣ್ಣದ ಪುಟ್ಟ ಪ್ಯಾರಾಷೂಟುಗಳು ವಾಚಕರಿಗೆ ಮೊದಲ ಭಾಗದಿಂದ ಪರಿಚಿತವಾದುವು. ಯುದ್ಧದ ಕೊನೆಯ ದಿನ ಅರಮನೆಯ ಮುಂದೆ ಕೂಡಿಹಾಕಿದ್ದ ರಾಜಧಾನಿಯ ಮಕ್ಕಳ ಮೇಲೆ ಅವೇ ಪ್ಯಾರಾಷೂಟುಗಳು ಇಳಿಯುತ್ತವೆ. ಮಕ್ಕಳು ಆಸೆಯಿಂದ ಕೈಚಾಚುತ್ತಾರೆ, ಅವು ಬಾಂಬುಗಳು. ಗಾಯಗೊಂಡವರ ಶುಶ್ರೂಷೆಗೆ ದಂಗೆಯ ಪಕ್ಷದ ವೈದ್ಯಕೀಯ ತಂಡ ಓಡಿಬಂದಾಗ ಉಳಿದ ಬಾಂಬುಗಳು ಸಿಡಿಯುತ್ತವೆ. ಯಾವ ತಂಗಿಗಾಗಿ ಕ್ಯಾಟ್ನಿಸ್ ಮೊದಲ ದಿನ ಮುಂದೆ ಬಂದಿದ್ದಳೋ ಆ ಪ್ರಿಮ್ ಅಲ್ಲಿಯೇ ಸಾಯುತ್ತಾಳೆ. ಅದನ್ನು ಮಾಡಿಸಿದವರು ತನ್ನ ಪಕ್ಷದವರೇ ಎಂದು ನಂಬಲು ಅವಳಿಗೆ ಕಾರಣಗಳು ದೊರೆಯುತ್ತವೆ. ಆಮೇಲೆ ಕಾಯಿನ್ ಕೊಟ್ಟ ಸಲಹೆ ಇದು: ಸೋತವರ ಮಕ್ಕಳನ್ನಿಟ್ಟು ಇನ್ನೊಂದೇ ಒಂದು ಪಂದ್ಯವನ್ನು ನಡೆಸೋಣ. ಹಳೆಯ ಅಧ್ಯಕ್ಷ ಸ್ನೋನನ್ನು ಕೊಲ್ಲಲೆಂದು ಕೊಟ್ಟ ಬಾಣವನ್ನು ಕ್ಯಾಟ್ನಿಸ್ ಕಾಯಿನ್‌ಳ ಮೇಲೆ ಬಿಡುತ್ತಾಳೆ.

ಇದು ಸರಿಯೋ ತಪ್ಪೋ ಎಂದು ಮನೆಯಲ್ಲಿ ಮಕ್ಕಳೊಡನೆ ಚರ್ಚಿಸಬಹುದು. ನಮಗಂತೂ ಕೊಲೆಯನ್ನು ಕೊಂಡಾಡುವ ಇಚ್ಛೆಯಿಲ್ಲ. ಆದರೆ ಪಾಠ ಸ್ಪಷ್ಟವಾಗಿದೆ. ಜನರ ಕೈಗೆ ಬಂದ ಸಂಕೇತವನ್ನು ಹೊಸ ಒಡೆಯರು ಮತ್ತೆ ಕಸಿದುಕೊಳ್ಳಬಲ್ಲರು. ಬಾವುಟ ನಮ್ಮದೆಂದ ಮಾತ್ರಕ್ಕೆ ಅದರ ಕೆಳಗೆ ನಡೆಯುವುದೆಲ್ಲ ನ್ಯಾಯವಾಗದು.

ಕಟ್ಟುಕಥೆಗೆ ಇಷ್ಟು ಗಾಂಭೀರ್ಯವೇಕೆ ಎಂದು ಕೇಳುವವರಿಗೆ ಎರಡು ನಿಜಸಂಗತಿಗಳನ್ನು ನೆನಪುಮಾಡುತ್ತೇವೆ. ೨೦೧೪ರ ಮೇ ೨೨ರಂದು ಥಾಯ್ಲೆಂಡಿನಲ್ಲಿ ಸೈನ್ಯವು ಸರಕಾರವನ್ನು ಕಿತ್ತುಹಾಕಿ ಅಧಿಕಾರವನ್ನು ಹಿಡಿಯಿತು. ಸಭೆ ಸೇರುವುದು ನಿಷಿದ್ಧವಾದಾಗ ತರುಣರು ಬೀದಿಯಲ್ಲಿ ಈ ಮೂರು ಬೆರಳುಗಳನ್ನೆತ್ತಿ ನಿಂತರು. ಆ ವರ್ಷದ ನವೆಂಬರಿನಲ್ಲಿ ಖೋನ್ ಕೇನ್ ಪಟ್ಟಣದಲ್ಲಿ ಪ್ರಧಾನಿಯಾಗಿದ್ದ ದಂಡನಾಯಕ ಪ್ರಯುತ್ ಚಾನ್ ಓಚ ಭಾಷಣ ಮಾಡುತ್ತಿದ್ದಾಗ ಐವರು ವಿದ್ಯಾರ್ಥಿಗಳು ಎದ್ದು ನಿಂತು ಬೆರಳೆತ್ತಿದರು. ಅವರನ್ನು ಕೂಡಲೆ ಹಿಡಿದೊಯ್ದರು. ೨೦೨೦ರಲ್ಲಿ ಆ ದೇಶದ ಶಾಲಾಮಕ್ಕಳೇ ಬೆಳಗಿನ ಧ್ವಜವಂದನೆಯ ವೇಳೆಯಲ್ಲಿ ಬೆರಳೆತ್ತಿದರು. ೨೦೨೧ರ ಫೆಬ್ರವರಿ ೧ರಂದು ಮ್ಯಾನ್ಮಾರಿನಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಾಗ ಅಲ್ಲಿನ ಆಸ್ಪತ್ರೆಗಳ ವೈದ್ಯರೂ ದಾದಿಯರೂ ಇದೇ ಸಂಜ್ಞೆಯನ್ನು ತೋರಿದರು. ಅದೇ ತಿಂಗಳ ೨೬ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆ ದೇಶದ ರಾಯಭಾರಿ ಕ್ಯಾವ್ ಮೋ ಟುನ್ ಸೈನ್ಯದ ವಿರುದ್ಧ ಮಾತನಾಡಿ, ಕೊನೆಯಲ್ಲಿ ಮೂರು ಬೆರಳನ್ನೆತ್ತಿದರು. ಮಕ್ಕಳ ಪುಸ್ತಕದ ಒಂದು ಸಂಜ್ಞೆ ಇಷ್ಟು ದೂರ ನಡೆದು ಬಂದಿತು. ಬೆರಳೆತ್ತಿದವರಲ್ಲಿ ಎಷ್ಟೋ ಮಂದಿ ಸೆರೆಮನೆಯನ್ನೂ ಕಂಡರು. ಅವರ ಪಾಲಿಗೆ ಅದು ಸಿನೆಮಾದ ಅನುಕರಣೆಯಾಗಿ ಉಳಿಯಲಿಲ್ಲ.

ಇನ್ನು ನಮ್ಮ ಪಾಲಿನ ಮಾತು. ಒಂದು ರಾತ್ರಿ ಟೆಲಿವಿಷನ್ನಿನಲ್ಲಿ ಒಂದೊಂದೇ ಕೇಂದ್ರವನ್ನು ಬದಲಿಸುತ್ತಿದ್ದಾಗ, ಒಂದೆಡೆ ತರುಣರು ಸ್ಪರ್ಧಿಸುವ ವಿನೋದದ ಕಾರ್ಯಕ್ರಮವನ್ನೂ, ಇನ್ನೊಂದೆಡೆ ಇರಾಕಿನ ಯುದ್ಧದ ದೃಶ್ಯಗಳನ್ನೂ ಕಂಡು, ಅವೆರಡೂ ತಮ್ಮ ಮನಸ್ಸಿನಲ್ಲಿ ಕಲೆತುಹೋದ ಗಳಿಗೆಯಲ್ಲಿ ಈ ಕಥೆ ಹುಟ್ಟಿತೆಂದು ಕಾಲಿನ್ಸರು ಹೇಳಿರುವರು. ಅಂದರೆ ಕಥೆಯ ಬೊಟ್ಟು ಸ್ನೋನ ಕಡೆಗೆ ಮಾತ್ರ ತಿರುಗಿಲ್ಲ. ಕಣದ ಹೊರಗೆ ಮೆತ್ತನೆಯ ಆಸನದಲ್ಲಿ ಕುಳಿತು, ಯಾವ ಮಗು ಗೆಲ್ಲುವುದೆಂದು ಪಣ ಕಟ್ಟುವ ರಾಜಧಾನಿಯ ಸಂಸಾರಗಳ ಕಡೆಗೂ ತಿರುಗಿದೆ. ಅವರಾರೂ ರಾಕ್ಷಸರಲ್ಲ. ಕ್ಯಾಟ್ನಿಸಳಿಗೆ ಅಲಂಕಾರ ಮಾಡುವ ಮೂವರು ಅವಳ ಕಷ್ಟಕ್ಕೆ ಕಣ್ಣೀರಿಡುವಷ್ಟು ಮೃದುಹೃದಯದವರು. ಆದರೂ ಪಂದ್ಯ ತಪ್ಪೆಂಬ ಮಾತು ಅವರ ಮನಸ್ಸಿಗೆ ಹೊಳೆದೇ ಇಲ್ಲ. ಏಕೆಂದರೆ ಅವರು ಹುಟ್ಟಿದಂದಿನಿಂದಲೂ ಅದು ನಡೆಯುತ್ತಲೇ ಇದೆ. ಊಟದ ತಟ್ಟೆಯನ್ನು ಮುಂದಿಟ್ಟುಕೊಂಡು ಪರರ ಸಂಕಟವನ್ನು ಪರದೆಯ ಮೇಲೆ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿಯೂ ಬೇರೂರಿದೆಯೆಂಬುದನ್ನು ಯಾರು ಅಲ್ಲಗಳೆಯುವರು?

ಆದಕಾರಣ ಮೊದಲಲ್ಲಿ ಹೇಳಿದ ತಾಯಿಗೆ ನಮ್ಮ ಉತ್ತರವಿದು. ಹತ್ತು ವರ್ಷದೊಳಗಿನವರಿಗೆ ಈ ಪುಸ್ತಕ ಬೇಡ. ಅದರಲ್ಲಿರುವ ಸಾವು ಹಗುರವಾದುದಲ್ಲ. ಹದಿಮೂರು ಕಳೆದವರಿಗೆ ಕೊಡಬಹುದು, ಆದರೆ ಒಂಟಿಯಾಗಿ ಬಿಡಬಾರದು. ಮಗಳು ಓದಿ ಮುಗಿಸಿದ ಭಾಗವನ್ನು ತಾಯಿಯೂ ಓದಲಿ. ಇಂಗ್ಲಿಷ್ ಬಾರದಿದ್ದರೆ ಮಗಳೇ ಸಂಜೆ ಹೂ ಕಟ್ಟುವಾಗಲೋ ಸೊಪ್ಪು ಬಿಡಿಸುವಾಗಲೋ ಕಥೆಯನ್ನು ಕನ್ನಡದಲ್ಲಿ ಹೇಳಲಿ. ಹೇಳುವಾಗ ಮೂರೇ ಪ್ರಶ್ನೆಗಳನ್ನು ಕೇಳಬೇಕು: ಈ ವಸ್ತುವನ್ನು ಮೊದಲು ಮಾಡಿದವರಾರು? ಈಗ ಅದು ಯಾರ ಕೈಯಲ್ಲಿದೆ? ಅದಕ್ಕಾಗಿ ಬೆಲೆ ತೆತ್ತವರಾರು? ಈ ಪ್ರಶ್ನೆಗಳನ್ನು ರೊಟ್ಟಿಗೂ ಹಕ್ಕಿಗೂ ಕೇಳಲು ಕಲಿತ ಮಗು, ನಾಳೆ ದೊಡ್ಡವಳಾಗಿ ಕಣ್ಣಿಗೆ ಬೀಳುವ ಬಾವುಟಗಳಿಗೂ ಘೋಷಣೆಗಳಿಗೂ ಅವನ್ನೇ ಕೇಳುವಳು.

ಕಥೆಯ ಕೊನೆಯಲ್ಲಿ ಪೀಟ ಕಾಡಿನಿಂದ ಪ್ರಿಮ್‌ರೋಸ್ ಗಿಡಗಳನ್ನು ತಂದು ಮನೆಯ ಪಕ್ಕದಲ್ಲಿ ನೆಡುತ್ತಾನೆ. ಸತ್ತ ತಂಗಿಯ ಪೂರ್ಣ ಹೆಸರು ಆ ಹೂವಿನದೇ. ಬಹಳ ವರ್ಷಗಳಾದ ಮೇಲೆ ಅವರಿಬ್ಬರ ಮಕ್ಕಳು ಹುಲ್ಲುಗಾವಲಿನಲ್ಲಿ ಆಡುತ್ತವೆ. ಆ ಹುಲ್ಲಿನ ಕೆಳಗೆ ಸುಟ್ಟುಹೋದ ಊರಿನವರ ಗೋರಿಯಿದೆಯೆಂಬುದು ಅವಕ್ಕೆ ತಿಳಿಯದು. ಅದನ್ನು ಮಕ್ಕಳಿಗೆ ಯಾವ ದಿನ, ಯಾವ ಮಾತಿನಲ್ಲಿ ಹೇಳುವುದೆಂದು ತಾಯಿಯಾದ ಕ್ಯಾಟ್ನಿಸ್ ಯೋಚಿಸುತ್ತಾಳೆ. ಆ ಯೋಚನೆ ಪ್ರತಿಯೊಂದು ಮನೆಯ ತಾಯಿತಂದೆಗಳದೂ ಅಲ್ಲವೆ?